ಮೋಡ ಕಂಡರೆ ಓಡುವ ಅಜ್ಜಿ

"ಅಜ್ಜೀ, ನನ್ನ ಯೂನಿಫಾರ್ಮ್!"

ಮೋಕ್ಷಿತಾ ಕೂಗಿದ್ದು ಗಾಳಿಗೆ ಹೋಯಿತು. ಗುಡುಗು ಕೇಳಿದ್ದೇ ತಡ, ನೀಲಾವತಿ ಅಜ್ಜಿ ತಂತಿಯ ಮೇಲಿದ್ದ ಬಟ್ಟೆಯತ್ತ ಕಣ್ಣೂ ಹಾಯಿಸದೆ ಗೇಟು ದಾಟಿದ್ದರು.

ಇದೇನು ಹೊಸತಲ್ಲ. ಮೋಡ ಕವಿದರೆ ಸಾಕು, ಅಜ್ಜಿ ಮಾಯ. ಆಮೇಲೆ ನೆನೆದುಕೊಂಡು ಬರುತ್ತಾರೆ. ಎಲ್ಲಿಗೆ ಹೋಗಿದ್ದು ಎಂದು ಕೇಳಿದರೆ, "ಇಲ್ಲೇ ಮಾರಾಯ್ತಿ" ಎಂದು ಸೆರಗು ಹಿಂಡುತ್ತಾರೆ. ಕಳೆದ ವಾರ ಮೋಕ್ಷಿತಾ ಒದ್ದೆ ಯೂನಿಫಾರ್ಮಿನಲ್ಲೇ ಶಾಲೆಗೆ ಹೋಗಿ ಬೈಸಿಕೊಂಡಿದ್ದಳು.

ಅವಳಿಗೆ ಗುಮಾನಿ ಇದ್ದದ್ದು ಮನ್ವಿತನ ಮೇಲೆ. ಕೆಳಗಿನ ಓಣಿಯ ಚಿಕ್ಕಪ್ಪನ ಮಗ ಅವನು, ಇನ್ನೂ ಪುಟ್ಟವ. ಗುಡುಗಿದರೆ ಹೆದರಿ ಅಳುತ್ತಾನೆ. ಅಜ್ಜಿ ಅವನನ್ನು ಎತ್ತಿಕೊಳ್ಳಲು ಓಡುವುದೇ ಇರಬೇಕು. ಮೊಮ್ಮಗ ಅಂದರೆ ಪ್ರಾಣ, ಮೊಮ್ಮಗಳು ಬೇಕಾದರೆ ಒದ್ದೆಯಾಗಲಿ! ಮೋಕ್ಷಿತಾಳ ಹೊಟ್ಟೆ ಉರಿಯಿತು. ಇವತ್ತು ಹಿಡಿದೇ ಬಿಡುತ್ತೇನೆ ಎಂದು ಅವಳೂ ಹಿಂದೆಯೇ ಹೊರಟಳು.

ಚಿಕ್ಕಪ್ಪನ ಮನೆ ಬಂತು. ಒಳಗೆ ಮನ್ವಿತ್ ಕಿರುಚುತ್ತಿದ್ದ. ಅಜ್ಜಿ ತಿರುಗಿಯೂ ನೋಡಲಿಲ್ಲ.

ಹಾಗಾದರೆ ಅಜ್ಜಿಗೆ ಇನ್ಯಾರೋ ಇದ್ದಾರೆ!

ಅಜ್ಜಿ ನುಗ್ಗಿದ್ದು ಹಳೆಯ ಅಕ್ಕಿ ಮಿಲ್ಲಿನ ಮುರಿದ ಕಾಂಪೌಂಡಿನೊಳಗೆ. ಬಂಟ್ವಾಳದ ಆ ಓಣಿಯ ಹೆಂಗಸರೆಲ್ಲ ಒಂದು ಕಾಲದಲ್ಲಿ ಅಲ್ಲೇ ದುಡಿಯುತ್ತಿದ್ದರಂತೆ. ಅಪ್ಪ ಶಾಲೆಗೆ ಹೋಗುತ್ತಿದ್ದಾಗಲೇ ಅದು ಮುಚ್ಚಿತ್ತು. ದೊಡ್ಡ ಸಿಮೆಂಟಿನ ಅಂಗಳದ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಜ್ಜಿ ಒಬ್ಬರೇ ನಿಂತಿದ್ದರು.

"ಇಲ್ಲಿ ಯಾರುಂಟು ಅಜ್ಜಿ?"

ಅಜ್ಜಿ ಬೆಚ್ಚಿಬಿದ್ದರು. ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದ ಮಗುವಿನ ಹಾಗಿತ್ತು ಅವರ ಮುಖ.

"ಯಾರೂ ಇಲ್ಲ. ಆಗ ಇಲ್ಲಿಡೀ ಬೇಯಿಸಿದ ಭತ್ತ ಒಣಗ್ತಾ ಇತ್ತು. ಗುಡುಗಿದ ಕೂಡ್ಲೆ ನಾವೆಲ್ಲ ಊಟ ಬಿಟ್ಟು ಓಡಿ ಬಂದು, ಬಳಿದು ಒಳಗೆ ಹಾಕ್ಬೇಕು. ನಿನ್ನ ಅಪ್ಪ ತೊಟ್ಟಿಲಲ್ಲಿ ಅಳ್ತಿದ್ರೂ ಓಡಿದ್ದೇನೆ. ಮಿಲ್ಲು ಮುಚ್ಚಿದ್ದು ನನಗೆ ಗೊತ್ತುಂಟು ಮಗಾ. ಆದ್ರೂ ಗುಡುಗಿದ್ರೆ ಕಾಲು ನಿಲ್ಲುವುದಿಲ್ಲ. ಹೇಳಿದ್ರೆ ನೀವೆಲ್ಲ ನಗ್ತೀರಿ ಅಂತ ಹೇಳ್ಲಿಲ್ಲ."

ಮೋಕ್ಷಿತಾಳ ಸಿಟ್ಟು ಎಲ್ಲಿ ಹೋಯಿತೋ. ಅಜ್ಜಿಯ ಮೇಲೆ ಅನುಮಾನಪಟ್ಟಿದ್ದಕ್ಕೆ ನಾಚಿಕೆಯಾಯಿತು.

ಅಷ್ಟರಲ್ಲಿ ಹಿಂದಿನ ಗೇಟು ಕಿರ್ರೆಂದಿತು. ಆಚೆ ಬೀದಿಯ ಜುಲೈಕಜ್ಜಿ! ಒಂದು ಕಾಲಿಗೆ ಚಪ್ಪಲಿಯಿಲ್ಲ, ತಲೆಯ ಬಟ್ಟೆ ಭುಜಕ್ಕೆ ಜಾರಿದೆ. ಏದುಸಿರು ಬಿಡುತ್ತಾ ಬಂದವರು ಇವರನ್ನು ಕಂಡು ಅಲ್ಲೇ ನಿಂತುಬಿಟ್ಟರು. ಮೆಲ್ಲಗೆ ಕೇಳಿದರು, "ತಡ ಆಯ್ತಾ ನೀಲಕ್ಕಾ?"

ಈ ಹುಡುಗಿ ನಗುತ್ತಾಳೋ ಏನೋ ಎಂದು ಅಜ್ಜಿ ಮೊಮ್ಮಗಳ ಮುಖವನ್ನೇ ನೋಡಿದರು.

ಟಪ್ ಟಪ್ ಎಂದು ಹನಿ ಬೀಳತೊಡಗಿತು. ಮೋಕ್ಷಿತಾ ಖಾಲಿ ಅಂಗಳವನ್ನು ಒಮ್ಮೆ ನೋಡಿದಳು.

"ಇಲ್ಲ ಜುಲೈಕಜ್ಜಿ," ಎಂದಳು, "ಎಲ್ಲಾ ಒಳಗೆ ಹಾಕಿ ಆಯ್ತು."