ಮೆಲ್ಲಗೆ ಹಿಡಿಯುವ ಕೈ

"ನಿಮ್ಮ ಬೋರ್ಡ್ ಸುಳ್ಳು ಹೇಳ್ತಿದೆ! ನಾನು ಸಹಿ ಹಾಕಲ್ಲ!"

ಅವಳು ಪರೀಕ್ಷಕಿಯಾಗಿ ಕೆಲಸಕ್ಕೆ ಸೇರಿ ಮೂರೇ ದಿನವಾಗಿತ್ತು. ಅವಳ ಎದುರು, ಕೃತಕ ಕೈಗೆ ಸರ್ಕ್ಯೂಟ್ ರೂಪಿಸಿದವನು ಕೆಂಡವಾಗಿ ನಿಂತಿದ್ದ. ಮೇಜಿನ ಮೇಲೆ ಆ ಕೈಯ ಬೆರಳುಗಳ ನಡುವೆ ಕಾಗದದ ಲೋಟ ನಜ್ಜುಗುಜ್ಜಾಗಿತ್ತು.

"ಎಲ್ಲಿ ತಪ್ಪಿದೆ? ತೋರಿಸಿ."

ಬೆರಳು ಬಿಗಿದಷ್ಟೂ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಅದನ್ನು ಹಿಗ್ಗಿಸಿ, ಅಳೆದು ಹೇಳುವುದು ಬೋರ್ಡಿನ ಮೇಲಿನ, ಸಾಸಿವೆಗಿಂತ ತುಸು ದೊಡ್ಡ ಆಂಪ್ಲಿಫೈಯರ್ ಚಿಪ್. ಅದು ಹೇಳಿದ್ದನ್ನೇ ಕೈ ನಂಬುತ್ತದೆ; ಕಡಿಮೆ ಹೇಳಿದರೆ ಇನ್ನೂ ಬಿಗಿಯುತ್ತದೆ.

"ಇರೋದಕ್ಕಿಂತ ಚೂರು ಕಡಿಮೆ ತೋರಿಸ್ತಿದೆ. ಇದನ್ನೇ ಆಫ್‌ಸೆಟ್ ಅನ್ನೋದು. ಗಟ್ಟಿಯಾಗಿ ಹಿಡಿದಾಗ ಗೊತ್ತೇ ಆಗಲ್ಲ. ಮೆಲ್ಲಗೆ ಹಿಡಿದಾಗ ಅಳತೆಗಿಂತ ತಪ್ಪೇ ದೊಡ್ಡದು! ಬಿಸಿಯಾದ್ರಂತೂ ಅಳತೆ ಇನ್ನೂ ಜಾರುತ್ತೆ."

ಅವನು ಬೋರ್ಡ್ ಎತ್ತಿಕೊಂಡು ಹೋದ.

ಮರುದಿನ ಬೆಳಿಗ್ಗೆ ಮತ್ತೆ ಬಂದ! ಅದರ ಮರುದಿನವೂ...

ಎರಡು ತಿಂಗಳು ಇಬ್ಬರೂ ಒಂದೇ ಮೇಜಿಗೆ ಅಂಟಿಕೊಂಡರು. ಮೋಟಾರಿನ ವೋಲ್ಟೇಜ್ ಎಷ್ಟೇ ಹಾರಾಡಿದರೂ ಆಂಪ್ಲಿಫೈಯರ್ ಅದಕ್ಕೆ ಮರುಳಾಗಬಾರದು. ಕೂದಲೆಳೆಯಷ್ಟು ವ್ಯತ್ಯಾಸವನ್ನಷ್ಟೇ ಹೆಕ್ಕಬೇಕು. ಹೇಳಿದಷ್ಟೇ ಪಟ್ಟು ಹಿಗ್ಗಿಸಬೇಕು. ಬೆರಳು ತಾಗಿದ ಕ್ಷಣದಲ್ಲೇ ತಿಳಿಸಬೇಕು. ಇಷ್ಟು ಪುಟ್ಟದ್ದು ಇಷ್ಟನ್ನೆಲ್ಲ ಮಾಡುವುದನ್ನು ಕಂಡು ಅವಳು ಬೆರಗಾಗುತ್ತಿದ್ದಳು. ಅದನ್ನು ಪಳಗಿಸುತ್ತಿದ್ದ ಅವನ ತಾಳ್ಮೆಗೆ... ಇನ್ನೂ!

ಒಂದು ಮಧ್ಯಾಹ್ನ ಅವನ ಫೋನ್ ಮಾತು ಕಿವಿಗೆ ಬಿತ್ತು.

"ಪಾಪು ಎದ್ಲಾ? ಇನ್ನೊಂದೇ ವಾರ ಕಣೇ... ನಾನೇ ತೊಡಿಸ್ತೀನಿ."

ಅವಳು ಮುಖ ತಿರುಗಿಸಿಕೊಂಡಳು. 'ಮದುವೆಯಾಗಿದೆ... ಮಗುವೂ ಇದೆ! ನಾನೆಂಥ ಪೆದ್ದಿ!'

ಅಂದಿನಿಂದ ಅವಳು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅವನು ಎರಡು ಸಲ ಏನೋ ಹೇಳಲು ಬಂದ. ಅವಳು ಮೀಟರಿನಿಂದ ಕಣ್ಣೆತ್ತಲಿಲ್ಲ.

ಬೋರ್ಡನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟರೂ ಅಳತೆ ಅಲುಗದ ದಿನ, ಅವಳು ಸಹಿ ಹಾಕಿದಳು. ಮರುದಿನವೇ ಒಬ್ಬ ಹೆಂಗಸು ಮಗುವನ್ನೆತ್ತಿಕೊಂಡು ಬಂದಳು. ಆಕೆಗೆ ಬಲಗೈ ಮಣಿಕಟ್ಟಿನವರೆಗಷ್ಟೇ ಇತ್ತು.

"ನನ್ನ ತಮ್ಮನ್ನ ಎರಡು ತಿಂಗಳು ಕುಣಿಸಿದೋಳು ನೀನೇನಾ?" ಆಕೆ ನಕ್ಕಳು. "ಫೋನ್ ಮಾಡಿದ್ರೆ ಬರೀ ನಿನ್ನ ಮಾತೇ!"

'ತಮ್ಮ...!'

ಅವನು ಅಕ್ಕನಿಗೆ ಕೈ ತೊಡಿಸಿದ. ಆಕೆ ಉಸಿರು ಬಿಗಿಹಿಡಿದು, ಮಗುವಿನ ಕಿರುಬೆರಳತ್ತ ಅದನ್ನು ಚಾಚಿದಳು. ಸಹಿ ಹಾಕಿದವಳು ಕಣ್ಣು ಮುಚ್ಚಿಕೊಂಡಳು. ಕಾಗದದ ಲೋಟ ನೆನಪಾಯಿತು...

ಮಗು ಕಿಲಕಿಲ ನಕ್ಕಿತು.

ಕಣ್ತೆರೆದಳು. ಗಟ್ಟಿ ಬೆರಳುಗಳೆರಡರ ನಡುವೆ ಎಳೆಯ ಬೆರಳು ಹಾಯಾಗಿತ್ತು. ಅಕ್ಕನ ಕಣ್ಣೀರು ಮಗುವಿನ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು.

ಅವಳು ಹೊರನಡೆದಾಗ, ಕಾರಿಡಾರಿನಲ್ಲಿ ಅವನು ಹಿಂದೆಯೇ ಬಂದ.

"ನನ್ಮೇಲೆ ಯಾಕೆ ಮುನಿಸು?"

"ಅವತ್ತು ಫೋನಿನಲ್ಲಿದ್ದೋರು ನಿಮ್ಮ ಹೆಂಡ್ತಿ ಅಂದ್ಕೊಂಡೆ..."

"ಅಯ್ಯೋ! ಹೆಣ್ಣು ಕೇಳೋಕೇ ಇನ್ನೂ ಧೈರ್ಯ ಬಂದಿಲ್ಲ! ನಿಮ್ಮನೇಲಿ... ಯಾರನ್ನ ಕೇಳ್ಬೇಕು?"

"ಮೊದ್ಲು ನನ್ನನ್ನ ಕೇಳಿ."

"ನನ್ನನ್ನ ಮದುವೆಯಾಗ್ತೀರಾ?"

ಅವಳು ಕೆನ್ನೆ ಒರೆಸಿಕೊಂಡಳು.

"ಹೂಂ... ಈಗ ಅಮ್ಮನ್ನ ಕೇಳೋಣ, ಬನ್ನಿ."