ಕಲ್ಲುಗಣಿ ಲಾಡ್ಜಿನ ಪದಕ

ಸೋಮವಾರ ಬೆಳಿಗ್ಗೆ ಠಾಣೆಯಲ್ಲಿ ಹಾಜರಿ ಇನ್ನೂ ಮುಗಿದಿರಲಿಲ್ಲ. ಊರಿನ ಹಲ್ಲಿನ ಡಾಕ್ಟರು ಕಾರನ್ನು ಗೇಟಿಗೆ ಅಡ್ಡ ನಿಲ್ಲಿಸಿ ಒಳಗೆ ಬಂದರು. ಒಂದು ಷೂವಿನ ಲೇಸು ಕಟ್ಟಿರಲಿಲ್ಲ. ಕೂರಿ ಎಂದರೆ ಕೂರಲಿಲ್ಲ.

"ನಮ್ಮ ಲಾಡ್ಜಿನ ಪದಕ ಹೋಗಿದೆ. ಮೇಷ್ಟ್ರು ಅಲ್ಲೇ ಸತ್ತು ಬಿದ್ದಿದಾರೆ," ಎಂದರು.

ಯಾವುದನ್ನು ಮೊದಲು ಹೇಳಿದರು ಎಂಬುದನ್ನು ಇನ್‌ಸ್ಪೆಕ್ಟರ್ ಗಮನಿಸಿದರು. ಆಕೆ ಈ ಊರಿಗೆ ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ದೂರು ಬರೆಸಿಕೊಂಡು, ಎಫ್‌ಐಆರ್ ದಾಖಲಿಸಲು ಹೇಳಿ, ಹೆಡ್ ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು ಜೀಪು ಹತ್ತಿದರು. ಹೆಡ್ ಕಾನ್‌ಸ್ಟೇಬಲ್ ಇದೇ ಊರಿನವನು, ನಿವೃತ್ತಿಗೆ ಹತ್ತಿರವಾಗಿದ್ದವನು.

"ಏನಿದು ಲಾಡ್ಜು?"

"ಮೇಸನ್ನರ ಸಂಘ ಮೇಡಂ. ಮೇಸನ್ ಅಂದರೆ ಕಲ್ಲುಕೆಲಸದವನು ಅಂತ ಅರ್ಥವಂತೆ. ಒಳಗೆ ಏನು ನಡೆಯುತ್ತೆ ಅಂತ ಹೊರಗಿನವರಿಗೆ ಹೇಳಲ್ಲ. ಬಿಳಿ ಏಪ್ರನ್ ಕಟ್ಟಿಕೊಂಡು ಒಬ್ಬರನ್ನೊಬ್ಬರು ಸಹೋದರ ಅಂತಾರೆ. ಗಣಿ ಸಾಹುಕಾರರ ಕಾಲದಲ್ಲಿ ಶುರುವಾಗಿದ್ದು, ಈಗ ನೂರು ವರ್ಷ. ಈ ಡಾಕ್ಟರು ಆ ಸಾಹುಕಾರರ ಮೊಮ್ಮಗ. ಅಧ್ಯಕ್ಷರೂ ಅವರೇ."

"ನೀವು ಸೇರಲಿಲ್ವಾ?"

"ನಮ್ಮಪ್ಪ ನಿಜವಾಗಿ ಕಲ್ಲು ಒಡೀತಿದ್ದ ಮೇಡಂ. ಅಂಥವರನ್ನ ಕರೀತಿರಲಿಲ್ಲ."

ಲಾಡ್ಜು ಗಣಿ ರಸ್ತೆಯ ಕೊನೆಯಲ್ಲಿತ್ತು. ದಪ್ಪ ಕಲ್ಲಿನ ಕಟ್ಟಡ, ಕೆಳಗಿನ ಅಂತಸ್ತಿಗೆ ಕಿಟಕಿಯೇ ಇಲ್ಲ. ಬಾಗಿಲು ಒಡೆದಿರಲಿಲ್ಲ. ಒಳಗೆ ಕಪ್ಪು ಬಿಳುಪು ಚೌಕಗಳ ನೆಲ, ಮೂರು ಮೆಟ್ಟಿಲಿನ ಮೇಲೆ ಅಧ್ಯಕ್ಷರ ಕುರ್ಚಿ, ಅದರ ಬಲಕ್ಕೆ ನುಣುಪಾಗಿ ಕೆತ್ತಿದ ಒಂದು ಚೌಕದ ಕಲ್ಲು. ಮೇಷ್ಟ್ರು ಆ ಕಲ್ಲಿನ ಪಕ್ಕದಲ್ಲಿ ಅಂಗಾತ ಮಲಗಿದ್ದರು. ಕಲ್ಲಿನ ಅಂಚಿನಲ್ಲಿ ರಕ್ತ ಒಣಗಿತ್ತು. ಎಪ್ಪತ್ತು ದಾಟಿದ ತೆಳು ಮನುಷ್ಯ. ಇದೇ ಊರಿನ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು.

ಅವರ ತಲೆಯ ಕೆಳಗೆ ಮಡಿಸಿದ ಏಪ್ರನ್ ಇತ್ತು. ಪಕ್ಕದಲ್ಲಿ ಅರ್ಧ ಖಾಲಿಯಾದ ನೀರಿನ ಲೋಟ.

"ಕೊಂದವನು ದಿಂಬು ಇಟ್ಟಿದಾನೆ," ಎಂದ ಹೆಡ್ ಕಾನ್‌ಸ್ಟೇಬಲ್ ಮೆಲ್ಲಗೆ.

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಮೇಜಿನ ಮೇಲೆ ಪದಕದ ಮರದ ಪೆಟ್ಟಿಗೆ ತೆರೆದಿತ್ತು, ಅದರ ಪಕ್ಕ ಬಾಗಿಲಿನ ಕೀಲಿ. ಕೀಲಿಗಳು ಇದ್ದಿದ್ದು ಎರಡೇ. ಒಂದು ಡಾಕ್ಟರ ಹತ್ತಿರ. ಭಾನುವಾರ ಸಂಜೆ ಅವರು ಪಟ್ಟಣದಲ್ಲಿ ಮದುವೆಯೊಂದರಲ್ಲಿದ್ದರು, ನೂರು ಜನ ನೋಡಿದ್ದರು. ಇನ್ನೊಂದು, ಮೇಜಿನ ಮೇಲಿದ್ದದ್ದು, ಲಾಡ್ಜಿನ ಬಾಗಿಲು ಕಾಯುವವನದು. ಸಭೆ ನಡೆಯುವಾಗ ಕತ್ತಿ ಹಿಡಿದು ಹೊರಗೆ ನಿಲ್ಲುವುದು ಅವನ ಕೆಲಸ. ಉಳಿದ ದಿನ ಪೇಟೆಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದ. ಊರೆಲ್ಲ ಅವನನ್ನು ಬೀಗದಣ್ಣ ಎನ್ನುತ್ತಿತ್ತು. ಅರವತ್ತರ ಅವಿವಾಹಿತ, ತಾಯಿಯ ಜೊತೆ ಇದ್ದ.

"ಆರು ಗಂಟೆಗೆ ಮೇಷ್ಟ್ರಿಗೆ ಬಾಗಿಲು ತೆಗೆದುಕೊಟ್ಟೆ. ಪದಕ ಪೆಟ್ಟಿಗೇಲಿ ಇಡಬೇಕು ಅಂದ್ರು. ಕೀಲಿ ಅವರ ಕೈಗೇ ಕೊಟ್ಟು ಮನೆಗೆ ಹೋದೆ," ಎಂದು ಅವನು ಹೇಳಿಕೆ ಕೊಟ್ಟ.

"ಬೇರೆ ಯಾರನ್ನಾದರೂ ನೋಡಿದಿರಾ?"

"ಇಲ್ಲ."

ಬರೆದದ್ದನ್ನು ಓದಿ ಹೇಳಿದಾಗ ಸರಿಯಿದೆ ಎಂದ.

ಮಂಗಳವಾರ ಮರಣೋತ್ತರ ವರದಿ ಬಂತು. ತಲೆಯ ಹಿಂಭಾಗ ಕಲ್ಲಿನ ಅಂಚಿಗೆ ಬಡಿದಿದೆ. ಪೆಟ್ಟು ಬಿದ್ದ ಮೇಲೂ ಒಂದು ಗಂಟೆಗಿಂತ ಹೆಚ್ಚು ಜೀವ ಇತ್ತು. ಆಸ್ಪತ್ರೆಗೆ ತಂದಿದ್ದರೆ ಉಳಿಯುವ ಸಾಧ್ಯತೆ ಇತ್ತು. ಆ ಕೊನೆಯ ಸಾಲನ್ನು ಇನ್‌ಸ್ಪೆಕ್ಟರ್ ಎರಡು ಸಲ ಓದಿದರು.

ಮೇಷ್ಟ್ರ ಹೆಂಡತಿ ಅಡುಗೆಮನೆಯಲ್ಲೇ ಹೇಳಿಕೆ ಕೊಟ್ಟರು. ಗಂಡನ ಕನ್ನಡಕವನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು.

"ನೂರು ವರ್ಷದ ಸಮಾರಂಭಕ್ಕೆ ಲಾಡ್ಜಿನ ಚರಿತ್ರೆ ಬರೆದುಕೊಡಿ ಅಂದಿದ್ರು. ಪದಕ ನೋಡಿ ವರ್ಣನೆ ಮಾಡಬೇಕು ಅಂತ ಮನೆಗೆ ತಂದರು. ಕೊಳೆ ಕಟ್ಟಿತ್ತು. ನನ್ನ ಹಳೇ ಹಲ್ಲುಜ್ಜೋ ಬ್ರಷ್ಷು ತಗೊಂಡು, ಭೂತಗನ್ನಡಿ ಇಟ್ಟುಕೊಂಡು, ಮಗು ಥರ ಕೂತಿದ್ರು. ಆಮೇಲೆ ಇದ್ದಕ್ಕಿದ್ದ ಹಾಗೆ ಮಾತೇ ನಿಂತುಹೋಯ್ತು. ಊಟಕ್ಕೆ ಏಳಲಿಲ್ಲ."

"ಏನೂ ಹೇಳಲಿಲ್ವಾ ಅಮ್ಮ?"

"'ಇದು ಸರಪಳಿ ಅಲ್ಲ ಕಣೇ' ಅಂದ್ರು. ಮತ್ತೆ ಕೇಳಿದ್ದಕ್ಕೆ, 'ಇದನ್ನ ಊರಿಗೆ ಹೇಳಲೇಬೇಕು, ಆದರೆ ಅದಕ್ಕೆ ಮುಂಚೆ ಒಬ್ಬರಿಗೆ ಹೇಳಬೇಕು. ಅದು ಧರ್ಮ' ಅಂದ್ರು."

"ಯಾರಿಗೆ?"

"ಹೆಸರು ಬಾಯಿಬಿಡಲಿಲ್ಲ. ಅವರಿಗೆ ನೋವಾಗುತ್ತೆ ಪಾಪ, ಅಂದರು ಅಷ್ಟೇ."

ಡಾಕ್ಟರು ಪದಕದ ಫೋಟೊ ತಂದುಕೊಟ್ಟರು. ಅಧ್ಯಕ್ಷರು ಸಭೆಯಲ್ಲಿ ಕೊರಳಿಗೆ ಹಾಕಿಕೊಳ್ಳುವಂಥದ್ದು. ನಡುವೆ ಕಲ್ಲುಕೆಲಸದವರ ಗುರುತಾದ ಚಿನ್ನದ ಮೂಲೆಮಟ್ಟ ಮತ್ತು ಕೈವಾರ, ಅವೆರಡರ ಮಧ್ಯೆ ಒಂದು ನೀಲಿ ಕಲ್ಲು. ಅದನ್ನು ಹಿಡಿದಿದ್ದದ್ದು ದಪ್ಪ ಕೊಂಡಿಗಳ ಚಿನ್ನದ ಸರಪಳಿ.

"ಯಾರು ಮಾಡಿಸಿದ್ದು?"

"ನಮ್ಮ ತಾತ. ಅರವತ್ತೈದು ವರ್ಷದ ಹಿಂದೆ ಗಣಿ ಕುಸಿದು ಹದಿನಾಲ್ಕು ಜನ ಸತ್ತರಲ್ಲ, ಅದರ ಮಾರನೇ ವರ್ಷ. ಅವರ ನೆನಪಿಗೆ ಅಂತ."

ಆ ಕುಸಿತದ ಕತೆಯನ್ನು ಹೆಡ್ ಕಾನ್‌ಸ್ಟೇಬಲ್ ಮುಂಚೆಯೇ ಹೇಳಿದ್ದ. ಹೆಣಗಳು ನೋಡುವ ಹಾಗಿಲ್ಲ ಎಂದು ಪೆಟ್ಟಿಗೆಗಳಿಗೆ ಮೊಳೆ ಹೊಡೆದೇ ಮನೆಯವರಿಗೆ ಕೊಟ್ಟಿದ್ದರು. ಅವರ ಮೈಮೇಲಿದ್ದದ್ದು ಒಂದೂ ಸಿಕ್ಕಲಿಲ್ಲ ಎಂದಿದ್ದರು.

ಗುರುವಾರ ಮಧ್ಯಾಹ್ನ ದರ್ಜಿ ಕೆಲಸದ ಅಜ್ಜಿಯೊಬ್ಬಳು ಠಾಣೆಗೆ ಬಂದಳು. ಎಪ್ಪತ್ತರ ಹತ್ತಿರದವಳು, ಕುತ್ತಿಗೆಗೆ ಅಳತೆಪಟ್ಟಿ ಹಾಗೇ ಇತ್ತು. ಬಂದವಳೇ ಎಡಗೈ ಮುಂದೆ ಚಾಚಿದಳು. ಬೆರಳಲ್ಲಿ ಚಿನ್ನದ ಉಂಗುರ. ಒಂದು ಕಡೆ ಸೀಳಿ, ಮತ್ತೆ ಒತ್ತಿ ಕೂಡಿಸಿದಂತಿತ್ತು.

"ಬೆಳಿಗ್ಗೆ ಕಿಟಕಿ ಕಟ್ಟೆ ಮೇಲೆ ಇತ್ತಮ್ಮ. ಇದು ನಮ್ಮಪ್ಪಂದು."

"ಹೇಗೆ ಹೇಳ್ತೀರಿ?"

"ನಮ್ಮಪ್ಪ ಗಣೀಲಿ ಅಡುಗೆಯವನು. ಅವತ್ತು ಒಳಗಿನವರಿಗೆ ಚಹಾ ತಗೊಂಡು ಹೋದವನು ಬರಲೇ ಇಲ್ಲ. ಹಿಂದೊಂದು ಸಲ ಮಾಂಸ ಕಡಿಯೋವಾಗ ಕತ್ತಿ ಜಾರಿ ಉಂಗುರಕ್ಕೆ ಬಿದ್ದಿತ್ತಂತೆ. ಇದಿಲ್ಲದಿದ್ರೆ ಬೆರಳೇ ಹೋಗ್ತಿತ್ತು ಅಂತ ನಮ್ಮಮ್ಮ ಸಾಯೋವರೆಗೂ ಹೇಳ್ತಿದ್ದಳು. ನೋಡಿ ಇಲ್ಲಿ, ಕಚ್ಚು."

ಕಚ್ಚು ಇತ್ತು. ಇನ್‌ಸ್ಪೆಕ್ಟರ್ ಫೋಟೊದ ಸರಪಳಿಯನ್ನು ಉಂಗುರದ ಪಕ್ಕ ಹಿಡಿದು ನೋಡಿದರು. ಕೊಂಡಿಗಳು ಕೊಂಡಿಗಳಾಗಿರಲಿಲ್ಲ. ಹದಿನಾಲ್ಕು ಮದುವೆಯುಂಗುರಗಳನ್ನು ಸೀಳಿ, ಒಂದರೊಳಗೊಂದು ಪೋಣಿಸಿ ಬೆಸೆದಿದ್ದರು. ಅರವತ್ತು ವರ್ಷಕ್ಕೂ ಮೀರಿ ಅಧ್ಯಕ್ಷರಾದವರು ಅದನ್ನು ಎಲ್ಲರೆದುರಿಗೇ ಎದೆಯ ಮೇಲೆ ಹಾಕಿಕೊಂಡು ಓಡಾಡಿದ್ದರು.

ಆ ಸಂಜೆಯೊಳಗೆ ಹೆಡ್ ಕಾನ್‌ಸ್ಟೇಬಲ್ ಮನೆಮನೆ ತಿರುಗಿ ಬಂದ. ಸತ್ತವರ ಮನೆಯವರಲ್ಲಿ ಐದು ಮನೆ ಮಾತ್ರ ಊರಿನಲ್ಲಿ ಉಳಿದಿದ್ದವು. ಐದರಲ್ಲೂ ಒಂದೊಂದು ಉಂಗುರ ಕಿಟಕಿಯ ಮೇಲೆ ಸಿಕ್ಕಿತ್ತು. ಯಾರೂ ಠಾಣೆಗೆ ಬಂದಿರಲಿಲ್ಲ. ಬಾಗಿಲು ಹಾಕಿಕೊಂಡು ಅತ್ತಿದ್ದರು.

ಇನ್‌ಸ್ಪೆಕ್ಟರ್ ಡಾಕ್ಟರನ್ನು ಕರೆಸಿ, ಉಂಗುರಗಳ ವಿಷಯ ಹೇಳಿ, ಫೋಟೊ ಮುಂದಿಟ್ಟು ಕೇಳಿದರು. "ನಿಮ್ಮ ತಾತ ಈ ಚಿನ್ನ ಎಲ್ಲಿಂದ ತಂದರು?"

ಡಾಕ್ಟರು ಫೋಟೊದ ಸರಪಳಿಯ ಮೇಲೆ ಬೆರಳಿಟ್ಟರು. "ನನ್ನ ಕೊರಳಲ್ಲಿ ಇತ್ತು ಇದು," ಎಂದರು. ಅವರಿಗೆ ತಿಳಿದಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಉಂಗುರಗಳು ಕೊಲೆ ಪ್ರಕರಣದ ಮುದ್ದೇಮಾಲು, ಕೋರ್ಟಿಗೆ ಒಪ್ಪಿಸಬೇಕಾದ ಸಾಕ್ಷ್ಯ. ಜಪ್ತಿ ಮಾಡಲೇಬೇಕಿತ್ತು. ಶುಕ್ರವಾರ ಇನ್‌ಸ್ಪೆಕ್ಟರ್ ತಾವೇ ಹೋದರು, ಇದಕ್ಕೆ ಕಾನ್‌ಸ್ಟೇಬಲ್‌ಗಳನ್ನು ಕಳಿಸಲು ಮನಸ್ಸಾಗಲಿಲ್ಲ. ದರ್ಜಿ ಅಜ್ಜಿ ಮಷೀನಿನ ಮುಂದೆ ಕೂತಿದ್ದಳು.

"ಕೋರ್ಟಿಗೆ ತೋರಿಸಬೇಕಜ್ಜಿ. ರಸೀದಿ ಕೊಡ್ತೀವಿ."

"ಮತ್ತೆ ಕೊಡ್ತೀರಾ?"

"ಕೇಸು ಮುಗಿದ ಮೇಲೆ."

"ನನಗೆ ಎಷ್ಟು ವಯಸ್ಸು ಗೊತ್ತೇನಮ್ಮ?"

ಇನ್‌ಸ್ಪೆಕ್ಟರ್ ರಸೀದಿ ಪುಸ್ತಕ ತೆರೆದರು. ಉಂಗುರ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. ಅಜ್ಜಿ ಬೆರಳಿಗೆ ಎಣ್ಣೆ ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದಳು. ಮಹಜರಿಗೆ ಹೆಬ್ಬೆಟ್ಟು ಒತ್ತಿ, ಮುಖ ಎತ್ತದೆ ಮಷೀನು ತುಳಿಯತೊಡಗಿದಳು. ಅದರಲ್ಲಿ ಬಟ್ಟೆ ಇರಲಿಲ್ಲ.

ಠಾಣೆಗೆ ಮರಳುವಾಗ ದಾರಿಯಲ್ಲಿ ಗಣಿಯ ಸ್ಮಾರಕದ ಕಲ್ಲು ಕಂಡಿತು. ಇನ್‌ಸ್ಪೆಕ್ಟರ್ ಜೀಪು ನಿಲ್ಲಿಸಿ ಇಳಿದು ಹೆಸರುಗಳನ್ನು ಓದಿದರು.

"ಇಲ್ಲಿ ಹದಿಮೂರೇ ಇವೆ."

"ಅಡುಗೆಯವನ ಹೆಸರು ಹಾಕಲಿಲ್ಲ ಮೇಡಂ. ಅವನು ಗಣಿ ಕೆಲಸದವನಲ್ಲ ಅಂತ."

"ಬೇರೆ ನಾಲ್ಕು ಉಂಗುರಗಳ ಒಳಗೆ ಅಕ್ಷರ ಕೊರೆದಿದೆ. ಭೂತಗನ್ನಡಿ ಹಿಡಿದು, ಈ ಕಲ್ಲು ನೋಡಿಕೊಂಡು, ಯಾರು ಬೇಕಾದರೂ ಸರಿಯಾದ ಮನೆಗೆ ಮುಟ್ಟಿಸಬಹುದು. ಅಡುಗೆಯವನ ಉಂಗುರದಲ್ಲಿ ಅಕ್ಷರವೇ ಇಲ್ಲ. ಅದು ಅಜ್ಜಿಯ ಕಿಟಕಿಗೆ ಹೇಗೆ ಬಂತು?"

ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದ. "ಬೆರಳಿಂದ ತೆಗೆದವನಿಗೆ ಮಾತ್ರ ಗೊತ್ತಿರುತ್ತೆ."

"ಹೆಣಗಳನ್ನ ತೊಳೆದಿದ್ದು ಯಾರು?"

"ಒಬ್ಬರೇ. ಕೊಟ್ಟಿಗೆ ಬಾಗಿಲು ಹಾಕಿಕೊಂಡು, ಹದಿನಾಲ್ಕು ಜನಾನೂ ತೊಳೆದು ಪೆಟ್ಟಿಗೇಲಿ ಮಲಗಿಸಿದರು. ಊರಲ್ಲಿ ಅವರನ್ನ ದೇವರ ಹಾಗೆ ನೋಡ್ತಿದ್ರು ಮೇಡಂ. ಸಾಹುಕಾರರು ಮನೆ ಕೊಟ್ಟು ಲಾಡ್ಜಿನ ಬಾಗಿಲು ಕಾಯೋ ಕೆಲಸ ಕೊಟ್ಟರು. ಈಗಲೂ ಅವರ ಹೆಂಡತಿ ಬೀದೀಲಿ ಬಂದರೆ ಜನ ಎದ್ದು ನಿಲ್ತಾರೆ. ನಾನೂ ನಿಲ್ತೀನಿ."

"ಅವರ ಮಗ?"

"ಬೀಗದಣ್ಣ."

ಬೀಗದಣ್ಣನ ಹತ್ತಿರ ಹೋಗುವ ಮೊದಲು ಇನ್‌ಸ್ಪೆಕ್ಟರ್ ಲಾಡ್ಜಿನ ಬೀರು ತೆರೆಸಿದರು. ಏಪ್ರನ್‌ಗಳೆಲ್ಲ ಮೂರು ಮಡಿಕೆಯಾಗಿ, ದಾರ ಒಳಗೆ ಸೇರಿ, ಒಂದೇ ಅಳತೆಯಲ್ಲಿ ಇದ್ದವು. ಮಡಿಸುವವನು ಬಾಗಿಲು ಕಾಯುವವನೇ. ಮೇಷ್ಟ್ರ ತಲೆಯ ಕೆಳಗಿದ್ದದ್ದನ್ನೂ ಹಾಗೆಯೇ ಮಡಿಸಲಾಗಿತ್ತು.

ಬೀಗದಣ್ಣನ ಅಂಗಡಿ ಎಂದರೆ ಗೋಡೆಗೆ ಒರಗಿದ ಒಂದು ಗೂಡು. ಅವನು ಕೀಲಿಯೊಂದನ್ನು ಅರದಿಂದ ಉಜ್ಜುತ್ತಿದ್ದ. ಪೊಲೀಸರನ್ನು ಕಂಡು ಅರ ಕೆಳಗಿಟ್ಟ. ಎದುರಿನ ಸ್ಟೂಲಿನ ಮೇಲೆ ಇನ್‌ಸ್ಪೆಕ್ಟರ್ ಕೂತರು.

"ಅಡುಗೆಯವನ ಉಂಗುರದಲ್ಲಿ ಅಕ್ಷರ ಇರಲಿಲ್ಲ. ಯಾರದ್ದು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಅದರಲ್ಲಿ ಕಚ್ಚು ಇದೆ. ಅಪ್ಪ ಹೇಳಿದ್ದರು."

"ಯಾವಾಗ?"

"ಸಾಯೋ ಮುಂಚೆ. ಒಂದೊಂದೂ ಯಾರ ಬೆರಳಿಂದ ತೆಗೆದಿದ್ದು ಅಂತ ನನಗೆ ಹೇಳಿ ಸತ್ತರು. ಮನೆಯವರಿಗೆ ಕೊಡ್ತೀನಿ ತೆಗೆದುಕೊಡು ಅಂದಿದ್ದರಂತೆ ಸಾಹುಕಾರರು. ಮಾರನೇ ವರ್ಷ ಅವರ ಕೊರಳಲ್ಲಿ ಕಂಡಿತು. ಅಷ್ಟು ಹೊತ್ತಿಗೆ ಅಪ್ಪ ಅಮ್ಮ ಅವರು ಕೊಟ್ಟ ಮನೇಲಿದ್ರು. ಅಪ್ಪ ಬಾಯಿ ಮುಚ್ಚಿಕೊಂಡರು."

"ನೀವು?"

"ನಾನು ಪ್ರತಿ ಸಭೆಗೂ ಅದನ್ನ ಒರೆಸಿ ಕೊಡ್ತಿದ್ದೆ. ಆಮೇಲೆ ಬಾಗಿಲು ಹಾಕಿ ಹೊರಗೆ ನಿಲ್ತಿದ್ದೆ."

"ಭಾನುವಾರ ಏನಾಯ್ತು?"

"ಮೇಷ್ಟ್ರು ನನ್ನನ್ನೇ ಮೊದಲು ಕರೆದು ಹೇಳಿದರು. ನಿಮ್ಮಪ್ಪನ ಹೆಸರು ಬರುತ್ತಪ್ಪಾ, ಮನಸ್ಸು ಗಟ್ಟಿ ಮಾಡಿಕೋ ಅಂದರು. ಅಮ್ಮನಿಗೆ ಎಂಬತ್ತೇಳು, ಅವಳು ಹೋಗೋವರೆಗೆ ತಡೀರಿ ಅಂತ ಕಾಲು ಹಿಡಿದೆ. ದರ್ಜಿ ಅಜ್ಜೀಗೂ ವಯಸ್ಸಾಗಿದೆ, ಅವಳೇನು ಮಾಡಿದ್ದಳು ಅಂದರು. ನಿಜವೇ. ದಾಟಿ ಹೊರಟರು. ದೂಡಿದೆ."

"ಒಂದು ಗಂಟೆ ಬದುಕಿದ್ದರು."

"ಗೊತ್ತು. ಪಕ್ಕದಲ್ಲೇ ಕೂತಿದ್ದೆ. ನೀರು ಕೇಳಿದರು, ಕೊಟ್ಟೆ."

"ಆಸ್ಪತ್ರೆಗೆ ಯಾಕೆ ಕರ್ಕೊಂಡು ಹೋಗಲಿಲ್ಲ?"

ಬೀಗದಣ್ಣ ತಲೆ ತಗ್ಗಿಸಿದ. "ಬದುಕಿದರೆ ಹೇಳ್ತಾರಲ್ಲ ಅಂತ."

"ಮುಚ್ಚಿಡೋಕೆ ಕೊಂದವರು ಉಂಗುರ ಯಾಕೆ ಹಂಚಿದಿರಿ?"

"ಮನೆಗೆ ತಂದು ನೋಡಿದೆ. ಅಪ್ಪ ಒಂದು ತಪ್ಪು ಮಾಡಿ ನಲವತ್ತು ವರ್ಷ ಒದ್ದಾಡಿದರು. ನಾನು ಅದಕ್ಕಿಂತ ದೊಡ್ಡದು ಮಾಡಿದ್ದೆ. ಇನ್ನು ಮುಚ್ಚಿಡೋದಕ್ಕೆ ಏನು ಉಳಿದಿತ್ತು ಮೇಡಂ?"

ಉಳಿದ ಒಂಬತ್ತು ಉಂಗುರಗಳೂ ಮೂಲೆಮಟ್ಟದ ಪದಕವೂ ಅವನ ಮಂಚದ ಕೆಳಗಿನ ಡಬ್ಬಿಯಲ್ಲಿ ಸಿಕ್ಕವು. ಶುಕ್ರವಾರ ಸಂಜೆ ಐದೂವರೆಗೆ ಬಂಧನ ದಾಖಲಾಯಿತು. ಅವನನ್ನು ಜೀಪಿನಲ್ಲಿ ಕೂರಿಸಿ ಇನ್‌ಸ್ಪೆಕ್ಟರ್ ತಾಯಿಗೆ ತಿಳಿಸಲು ಒಳಗೆ ಹೋದರು. ಕಣ್ಣು ಮಂಜಾದ ಮುದುಕಿ ಗೋಡೆ ಹಿಡಿದು ಬಂದು ಕೂತಳು. ಇನ್‌ಸ್ಪೆಕ್ಟರ್ ಉಂಗುರಗಳಿಂದ ಹಿಡಿದು ಎಲ್ಲವನ್ನೂ ಹೇಳಿದರು.

"ಯಾಕೆ ಮಾಡಿದ ನನ್ನ ಮಗ?"

"ನಿಮಗೆ ಗೊತ್ತಾಗಬಾರದು ಅಂತ, ಅಮ್ಮ."

ಮುದುಕಿಯ ಬಾಯಿ ತೆರೆದುಕೊಂಡಿತು.

"ಅವರಪ್ಪ ಉಂಗುರ ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ತಂದಿದ್ದರು. ರಕ್ತ ಅಂಟಿತ್ತು. ಬಿಸಿನೀರಲ್ಲಿ ಸೋಪು ಹಾಕಿ ತೊಳೆದುಕೊಟ್ಟಿದ್ದು ನಾನೇ ಕಣಮ್ಮ. ಮಗನಿಗೆ ಗೊತ್ತಾಗದೆ ಇರಲಿ ಅಂತ ಇಷ್ಟು ವರ್ಷ ನಾನೂ ಬಾಯಿ ಬಿಡಲಿಲ್ಲ."

ಜೀಪು ಹತ್ತಿದಾಗ ಬೀಗದಣ್ಣ ಕೇಳಿದ. "ಅಮ್ಮ ಏನಂದಳು?"

"ಚಳಿಗೆ ಸ್ವೆಟರ್ ಕೊಟ್ಟಿದಾರೆ," ಎಂದು ಇನ್‌ಸ್ಪೆಕ್ಟರ್ ಅದನ್ನು ಅವನ ಮಡಿಲಿಗೆ ಹಾಕಿದರು. ಹೆಡ್ ಕಾನ್‌ಸ್ಟೇಬಲ್ ಮುಂದಿನ ಸೀಟಿನಲ್ಲಿ ರಸ್ತೆಯನ್ನೇ ನೋಡುತ್ತಾ ಕೂತಿದ್ದ.

ಆರೋಪಪಟ್ಟಿಯಲ್ಲಿ ಉದ್ದೇಶದ ಕಾಲಂ ಬಳಿ ಇನ್‌ಸ್ಪೆಕ್ಟರ್ ಹೀಗೆ ಬರೆದರು: ತಂದೆಯ ಕೃತ್ಯ ತಾಯಿಗೆ ತಿಳಿಯದಂತೆ ತಡೆಯುವುದು. ಮುದುಕಿಯ ಹೇಳಿಕೆಯನ್ನು ಮರುದಿನವೇ ಪಡೆದು ಕಡತಕ್ಕೆ ಸೇರಿಸಲಾಗಿತ್ತು. ಆರೋಪಪಟ್ಟಿಯ ಜೊತೆ ಎಲ್ಲ ಹೇಳಿಕೆಗಳ ನಕಲನ್ನೂ ಆರೋಪಿಗೆ ಕೊಡಬೇಕೆಂಬುದು ನಿಯಮ. ತಾಯಿಯ ಹೇಳಿಕೆಯನ್ನು ಅವನೂ ಓದುತ್ತಾನೆ. ಅದನ್ನು ತಡೆಯುವ ಅಧಿಕಾರ ಇನ್‌ಸ್ಪೆಕ್ಟರಿಗೆ ಇರಲಿಲ್ಲ.