ಬಾಯಿಗೆ ಬಟ್ಟೆ ತುರುಕಿದ ಎಂಜಿನ್

"ಕೈ ತೆಗಿ! ಆ ಬಟ್ಟೆ ಎಳೀಬೇಡ!"

ಮೇಸ್ತ್ರಿಯ ಅಳಿಯ ಬೆಚ್ಚಿ ಹಿಂದೆ ಸರಿದ. ಮರದ ದಿಮ್ಮಿಗಳ ಮೇಲೆ ಕೂರಿಸಿದ್ದ ಎಂಜಿನ್ನಿನ ಬಾಯಿಂದ ಹಳೇ ಬನಿಯನ್ನಿನ ಚೂರೊಂದು ಅರ್ಧ ಹೊರಬಂದು ನೇತಾಡುತ್ತಿತ್ತು. ಮಾಳಿಗೆಯ ಮೆಟ್ಟಿಲ ಮೇಲೆ, ಚಹಾ ಲೋಟ ಹಿಡಿದು ಕ್ಲೇಮಮ್ಮ ನಿಂತಿದ್ದರು.

ಆ ಕಾರು ರಿಪೇರಿ ಶೆಡ್ಡಿನ ಮೇಲೆ ಬಾಡಿಗೆಗಿದ್ದ ಕ್ಲೇಮಮ್ಮ, ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿದು ಹಿಡಿದೇ ನಿವೃತ್ತರಾದವರು. ಮಾಲೀಕನೇ ಬೆಂಕಿಯಿಟ್ಟ ಅಂಗಡಿ, ಡ್ರೈವರೇ ಗುಂಡಿಗೆ ತಳ್ಳಿದ ಲಾರಿ, ಎಲ್ಲವನ್ನೂ ಮೂಸಿ ನೋಡಿಯೇ ಹೇಳುತ್ತಿದ್ದರಂತೆ. ಈಗ ಬೀದಿಯಲ್ಲಿ ಯಾರ ಸೈಕಲ್ ಕಳೆದರೂ ಅವರೇ ಪೊಲೀಸು, ಅಳಿಯನೇ ಪೇದೆ.

"ನಂಬರ್ ಹೋಗಿದೆ ಅಮ್ಮ. ಯಾರೋ ಉಜ್ಜಿಬಿಟ್ಟಿದಾರೆ," ಎಂದ ಅಳಿಯ.

ಎಂಜಿನ್ನಿನ ಪಕ್ಕೆಯಲ್ಲಿ ಅಚ್ಚೊತ್ತಿದ್ದ ನಂಬರಿನ ಜಾಗ ಈಗ ಬೋಳಾಗಿ ಮಿನುಗುತ್ತಿತ್ತು. ಅಂದು ಮಧ್ಯಾಹ್ನ ಹಳೇ ಕಾರುಗಳ ಸಂಘದವನೊಬ್ಬ ಬಂದು, ಈ ನಂಬರನ್ನೂ ಕಾರಿನ ಮೈಗೆ ಹೊಡೆದ ತಗಡಿನ ನಂಬರನ್ನೂ ತಾಳೆ ನೋಡುವವನಿದ್ದ. ಎರಡೂ ಒಂದೇ ಆದರೆ ಕಾರಿನ ಒಡತಿ, ತೀರಿಕೊಂಡ ತಂದೆಯ ಎಂಜಿನ್ನಿಗೇ ಮರುಜೀವ ಕೊಡಿಸುವವಳಿದ್ದಳು. ಅಪ್ಪ ಕೇಳಿದ ಸದ್ದನ್ನೇ ಇನ್ನೊಮ್ಮೆ ಕೇಳಬೇಕೆಂಬುದು ಅವಳ ಹಟ. ಅವಳ ತಮ್ಮನಿಗೆ ಅದು ಬೇಡ. "ಮೈ ಹಳೇದಿರಲಿ, ಹೊಟ್ಟೆಯೊಳಗೆ ಹೊಸ ಎಂಜಿನ್ ಕೂರಿಸೋಣ," ಎಂದು ಬ್ರೋಕರನೊಬ್ಬನನ್ನೂ ಗೊತ್ತುಮಾಡಿದ್ದ.

ಶೆಡ್ಡಿನ ಒಡೆಯ ಮೇಸ್ತ್ರಿ, ಅಳಿಯನ ಸೋದರಮಾವ, ಮೂಲೆಯಲ್ಲಿ ಟೈರಿನ ಮೇಲೆ ಕೂತು ತಲೆಗೆ ಕೈ ಹೊತ್ತಿದ್ದ. "ನನ್ನ ಶೆಡ್ಡಲ್ಲಿ ಇಂಥಾದ್ದು! ಹಿಂಬಾಗಿಲಿಗೆ ಬೀಗ ಹಾಕೋ ಅಭ್ಯಾಸಾನೇ ಇಲ್ಲ. ಯಾರನ್ನ ಅಂತ ಹೇಳಲಿ?"

ಕ್ಲೇಮಮ್ಮ ಬೋಳು ಜಾಗಕ್ಕೆ ಬೆರಳು ಒತ್ತಿದರು. ಬೆರಳು ಮಿಂಚಿತು.

"ಎಣ್ಣೆ. ನೀನು ಸವರಿದ್ಯಾ?"

"ನಾನಲ್ಲ."

ಉಳಿದ ತೂತುಗಳನ್ನು ಬಗ್ಗಿ ನೋಡಿದರು. ಎಲ್ಲದಕ್ಕೂ ಬಟ್ಟೆ. ನೆಲದ ಮೇಲೆ ಅರದಿಂದ ಉದುರಿದ ಕಬ್ಬಿಣದ ಪುಡಿ. ಅಳಿಯ ಅವರ ಮುಖ ನೋಡಲಾರದೆ ಸ್ಪ್ಯಾನರುಗಳನ್ನು ಜೋಡಿಸತೊಡಗಿದ.

ಅಕ್ಕ, ತಮ್ಮ, ಬ್ರೋಕರ್ ಮೂವರೂ ಬಂದರು. ಯಾರೂ ಬಾಯಿ ಬಿಡುವ ಮೊದಲೇ ಬ್ರೋಕರ್, "ನಾನು ನಿನ್ನೆ ಊರಲ್ಲೇ ಇರಲಿಲ್ಲ," ಎಂದ.

"ಕುಂಬಳಕಾಯಿ ಕಳ್ಳ ಅಂತ ನಾನಿನ್ನೂ ಅಂದೇ ಇಲ್ವಲ್ಲಪ್ಪ, ಆಗಲೇ ಹೆಗಲು ಮುಟ್ಟಿಕೊಂಡ್ಯಲ್ಲ," ಎಂದರು ಕ್ಲೇಮಮ್ಮ.

ಅಕ್ಕ ತಮ್ಮನ ಕಡೆ ತಿರುಗಿದಳು. "ನೀನೇ ತಾನೇ? ಅಷ್ಟು ಅವಸರ ಇತ್ತಾ?"

"ನಾನ್ಯಾಕೆ ಉಜ್ಜಲಿ? ಮೇಸ್ತ್ರೀನೇ ನನ್ನ ಪರ ಇದ್ರು. ಬೇರೆ ಎಂಜಿನ್ ಹಾಕ್ಸಿ, ಇದು ಹೆಣ ಅಂದ್ರು."

ಕ್ಲೇಮಮ್ಮ ಅಳಿಯನತ್ತ ನೋಡಿದರು. "ನಿಮ್ಮ ಮಾವ ಹಾಗಂದ್ರಾ? ಸ್ಕೂಟರಿಗೆ ಬೇರೆ ಹಾರ್ನ್ ಹಾಕು ಅಂದವನನ್ನ ಬೀದಿಗಟ್ಟಿದವರು?"

ಅಳಿಯ ತಲೆಯಾಡಿಸಿದ. ಮಾವನಿಗೆ ವಯಸ್ಸಾಯಿತು, ಮನಸ್ಸು ಮೆತ್ತಗಾಯಿತು ಎಂದುಕೊಂಡಿದ್ದ.

"ಈ ಎಂಜಿನ್ ಮೊದಲು ಯಾವಾಗ ಬಿಚ್ಚಿದ್ದು?" ಎಂದು ಕ್ಲೇಮಮ್ಮ ಅಕ್ಕನನ್ನು ಕೇಳಿದರು.

"ನಾನು ಕಾಲೇಜಲ್ಲಿದ್ದೆ. ಒಂದೇ ಸಲ, ಇಲ್ಲೇ. ಬೇರೆಯವರ ಕೈಗೆ ಅಪ್ಪ ಕೊಡ್ತಾನೇ ಇರಲಿಲ್ಲ."

ತಮ್ಮ ನಕ್ಕ. "ಆಮೇಲೆ ಶುರುವಾಯ್ತಲ್ಲ ನಾಟಕ. 'ಇದು ನನ್ನ ಗಾಡಿ ಸದ್ದಲ್ಲ, ನನ್ನ ಗಾಡಿ ಸದ್ದಲ್ಲ' ಅಂತ ಅಪ್ಪ ಊಟಕ್ಕೆ ಕೂತರೂ ಅದೇ. ಮೇಸ್ತ್ರಿ ಬಂದು, 'ಸಾರ್, ಗಾಡಿಗಲ್ಲ, ನಿಮ್ಮ ಕಿವಿಗೆ ವಯಸ್ಸಾಗಿದೆ' ಅಂದ್ರು. ನಾವೆಲ್ಲ ಬಿದ್ದು ಬಿದ್ದು ನಕ್ವಿ. ಕಿವಿಗೆ ಮಿಷನ್ ಹಾಕ್ಸಿದ್ವಿ. ಪಾಪ, ಹಾಕ್ಕೊಂಡು ಕೂತಿರೋರು."

"ಬೇರೆ ಸದ್ದು ಕೇಳ್ತಿತ್ತಾ ಅವರಿಗೆ?"

"ಮಿಷನ್ ತೆಗೆದಿಟ್ಟು ಮಾಳಿಗೆ ಮೇಲಿದ್ರೂ ಹಾಲು ಉಕ್ಕಿದ್ದು ಕೇಳೋದು," ಎಂದಳು ಅಕ್ಕ. ಹೇಳುತ್ತಾ ಹೇಳುತ್ತಾ ಅವಳ ದನಿ ನಿಧಾನವಾಯಿತು.

ಕ್ಲೇಮಮ್ಮ ಲೋಟ ಕೆಳಗಿಟ್ಟರು. "ಕೂತ್ಕೊಳಿ ಎಲ್ಲರೂ. ನಂಬರ್ ಉಜ್ಜಿದವನು ಉಜ್ಜೋಕೆ ಮೊದಲು ಎಂಜಿನ್ನಿನ ತೂತಿಗೆಲ್ಲ ಬಟ್ಟೆ ತುರುಕಿದಾನೆ, ಒಳಗೆ ಪುಡಿ ಬೀಳದ ಹಾಗೆ. ಉಜ್ಜಿ ಆದಮೇಲೆ ಎಣ್ಣೆ ಸವರಿದಾನೆ, ಬರೀ ಕಬ್ಬಿಣಕ್ಕೆ ತುಕ್ಕು ಹಿಡೀದ ಹಾಗೆ. ಕೊಲ್ಲೋಕೆ ಬಂದವನು ಹೊದಿಕೆ ಹೊದಿಸಿ ಹೋಗಿದಾನೆ! ಈ ಎಂಜಿನ್ ಗುಜರಿಗೆ ಹೋಗಲಿ ಅನ್ನೋ ತಮ್ಮ ಹೀಗೆ ಮಾಡ್ತಾನಾ? ಬ್ರೋಕರ್?"

"ನಂಗೆ ಬಟ್ಟೆ ತುರುಕಬೇಕು ಅಂತಾನೇ ಗೊತ್ತಿಲ್ಲ," ಎಂದ ಬ್ರೋಕರ್, ಮೊದಲ ಸಲ ಅಜ್ಞಾನಕ್ಕೆ ಹೆಮ್ಮೆಪಟ್ಟು.

"ಈ ಕಸುಬಿನವರ ಕೈ ತಾನಾಗೇ ಹಾಗೆ ಮಾಡತ್ತೆ. ಶೆಡ್ಡಲ್ಲಿ ಅಂಥವರು ಇಬ್ಬರೇ. ಇನ್ನು, ಯಾಕೆ ಉಜ್ಜಬೇಕು? ತಾಳೆ ಆಗೋ ನಂಬರನ್ನ ಈ ಇಬ್ಬರಲ್ಲಿ ಯಾರೂ ಅಳಿಸಬೇಕಿಲ್ಲ. ತಾಳೆ ಆಗದೆ ಇರೋದನ್ನ ಅಳಿಸಬೇಕು. ಅಂದ್ರೆ ಇದು ಈ ಕಾರಿನ ಎಂಜಿನ್ನೇ ಅಲ್ಲ. ಬಿಚ್ಚಿದ್ದು ಒಂದೇ ಸಲ, ಬದಲಾಗಿದ್ದೂ ಆಗಲೇ. ಆಗ ಅಳಿಯ ಇನ್ನೂ ಚಡ್ಡಿ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದ. ಉಳಿದವರು..."

ಅವರು ಹೆಸರು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎನಿಸಿತು ಅಳಿಯನಿಗೆ. ಬೆಳಿಗ್ಗೆ ಆ ಬನಿಯನ್ ಚೂರಿಗೆ ತಾನು ಕೈ ಹಾಕಿದ್ದು ಯಾಕೆಂದು ಅವನಿಗೆ ಆಗಲೂ ಗೊತ್ತಿತ್ತು. ಅದು ಮಾವನ ಕೆಲಸದ ಗುರುತು; ನೋಡುವುದಕ್ಕಲ್ಲ, ಒಲೆಗೆ ಹಾಕುವುದಕ್ಕೆ. ಮೇಸ್ತ್ರಿ ಟೈರಿನ ಮೇಲಿಂದ ಎದ್ದ, ಮತ್ತೆ ಕೂತ.

"ಬಿಸಿ ಎಂಜಿನ್ನಿಗೆ ತಣ್ಣೀರು ಹಾಕಬೇಡಿ ಅಂತ ಬರೋರಿಗೆಲ್ಲ ಬುದ್ಧಿ ಹೇಳೋನು ನಾನು. ಅವತ್ತು ಓಡಿಸಿ ನೋಡುವಾಗ ಕುದೀತು. ಅವಸರದಲ್ಲಿ ನಾನೇ ಹಾಕಿದೆ. 'ಟಪ್' ಅಂತು. ಬಿರುಕು. ಅಂಥದ್ದೇ ಇನ್ನೊಂದು ಎಲ್ಲಿಂದಲೋ ತಂದು ಕೂರಿಸಿದೆ."

"ಹೇಳಬಹುದಿತ್ತಲ್ಲ ಮಾವ?" ಎಂದ ಅಳಿಯ.

"ನಾಚಿಕೆ ಆಯ್ತು ಕಣೋ. ಮೊದಲನೇ ದಿನ ನಾಚಿಕೆ. ಆಮೇಲೆ ಅವರ ಕಿವೀಲಿ ಆ ಮಿಷನ್ ನೋಡಿದ ಮೇಲೆ ಹೇಳೋಕೆ ಬಾಯೇ ಬರಲಿಲ್ಲ."

ತಮ್ಮನ ಮುಖದಲ್ಲಿ ಆಗಿನ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹಾಗೇ ಒಣಗಿಹೋಗಿತ್ತು. ಬ್ರೋಕರ್ ಸದ್ದಿಲ್ಲದೆ ಹೊರಗೆ ನಡೆದ. ಪತ್ತೆಹಚ್ಚಿದ ಖುಷಿ ಕ್ಲೇಮಮ್ಮನ ಮುಖದಲ್ಲೂ ಇರಲಿಲ್ಲ.

ಮೇಸ್ತ್ರಿ ಉಳಿದವರನ್ನೆಲ್ಲ ಶೆಡ್ಡಿನ ಹಿಂದಕ್ಕೆ ಕರೆದೊಯ್ದ. ಮುರುಕು ಬಾಗಿಲುಗಳ ರಾಶಿ ಸರಿಸಿ, ಟಾರ್ಪಾಲಿನ ಗಂಟು ಬಿಚ್ಚಿದ. ಒಳಗೆ ಇನ್ನೊಂದು ಎಂಜಿನ್ ಇತ್ತು. ತುಕ್ಕಿನ ಚುಕ್ಕೆಯೂ ಇರಲಿಲ್ಲ. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು, ಅದರ ಮೇಲೆ ಸ್ಪಷ್ಟವಾದ ನಂಬರು.

"ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ. ಹೊಲಿಗೆ ಹಾಕ್ತೀನಮ್ಮ. ಬಿರುಕಿನ ಉದ್ದಕ್ಕೂ ತೂತು ಕೊರೆದು, ಮೊಳೆ ಕೂರಿಸಿ ಬಿಗಿದರೆ ಹನಿ ನೀರೂ ಸೋರಲ್ಲ. ಆಗ ಈ ವಿದ್ಯೆ ನಂಗೆ ಬರ್ತಿರಲಿಲ್ಲ, ಇದಕ್ಕೋಸ್ಕರಾನೇ ಕಲಿತೆ. ನಿಮ್ಮ ತಂದೆಯವರ ಎಂಜಿನ್ನೇ ಇದು. ಅದೇ ಸದ್ದು ಬರತ್ತೆ."

"ಮಾಡಿಸೋಣ ಅಕ್ಕ. ನಂಗೆ ಹೊಸದು ಬೇಡ," ಎಂದ ತಮ್ಮ, ನೆಲ ನೋಡುತ್ತಾ.

ಅಕ್ಕ ಎಂಜಿನ್ನನ್ನು ನೋಡುತ್ತಾ ನಿಂತಳು. ಅಪ್ಪನ ಮುಂದೆ ಬಿದ್ದು ಬಿದ್ದು ನಕ್ಕವರಲ್ಲಿ ಅವಳೂ ಇದ್ದಳು. ಬಾಗಿ ಟಾರ್ಪಾಲಿನ ಅಂಚು ಹಿಡಿದು, ಅದನ್ನು ಮತ್ತೆ ಮೊದಲಿನಂತೆ ಎಳೆದು ಮುಚ್ಚಿದಳು.

"ಬೇಡ."

"ಅಮ್ಮಾ, ಕೈ ಮುಗೀತೀನಿ, ಒಂದೇ ಒಂದು ಸಲ ಸ್ಟಾರ್ಟ್ ಮಾಡಿ ತೋರಿಸ್ತೀನಿ..."

"ಬೇಡ ಅಂದ್ನಲ್ಲ ಮೇಸ್ತ್ರಿ. ಸಾಯೋವರೆಗೂ ಅಪ್ಪನಿಗೆ ಸಿಗದ ಸದ್ದು ನಂಗೂ ಬೇಡ."